ಕುಂಚ ಹಿಡಿದ ಕೈಗೆ ಕ್ಯಾಮೆರಾ

ಡಾ. ರಾಜ್‌ಕುಮಾರ್ ಅವರಿಗೆ 1995ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂದಾಗ ಆ ಹೆಸರು ಕರ್ನಾಟಕದ ಮನೆಮನೆಗೂ ತಲುಪಿತು. ಹೆಸರು ತಲುಪಿದಷ್ಟು ಚಿತ್ರಗಳು ತಲುಪಲಿಲ್ಲ. ‘ಪಿತಾಮಹ’ ಎಂದು ಕೈಮುಗಿದು ಮುಂದೆ ಹೋಗುತ್ತೇವೆ. ಧುಂಡಿರಾಜ ಗೋವಿಂದ ಫಾಲ್ಕೆ ಮೊದಲು ಚಿತ್ರಕಾರ, ಆಮೇಲೆ ಸಿನಿಮಾದವರು ಎಂಬುದನ್ನು ಮರೆತರೆ ಅವರ ಮೂಕಿಚಿತ್ರಗಳು ಅರ್ಥವಾಗುವುದಿಲ್ಲ.

ನಾಸಿಕದ ಹತ್ತಿರದ ತ್ರ್ಯಂಬಕೇಶ್ವರದಲ್ಲಿ 1870ರಲ್ಲಿ ಹುಟ್ಟಿದವರು. ಮುಂಬಯಿಯ ಜೆ.ಜೆ. ಕಲಾಶಾಲೆ, ಬರೋಡೆಯ ಕಲಾಭವನ, ಗೋಧ್ರಾದಲ್ಲಿ ಫೋಟೋ ಸ್ಟುಡಿಯೋ, ಪುರಾತತ್ತ್ವ ಇಲಾಖೆಯಲ್ಲಿ ನಕ್ಷೆಗಾರನ ಕೆಲಸ, ರವಿವರ್ಮನ ಚಿತ್ರಗಳ ಅಚ್ಚುಕೆಲಸ. 1912ರಲ್ಲಿ ಲಂಡನ್ನಿನಿಂದ ವಿಲಿಯಮ್ಸನ್ ಕ್ಯಾಮೆರಾ ತಂದಾಗ ಅವರಿಗೆ ನಲವತ್ತು ದಾಟಿತ್ತು. ಕಣ್ಣು ಆಗಲೇ ಪಳಗಿತ್ತು. 1913ರ ‘ರಾಜಾ ಹರಿಶ್ಚಂದ್ರ’ದ ನಂತರ ಬಿಡಾರವನ್ನು ನಾಸಿಕಕ್ಕೆ ಬದಲಿಸಿ, ಮುಂದಿನ ಹೆಚ್ಚಿನ ಕೆಲಸವನ್ನು ಅಲ್ಲಿಯೇ ಮಾಡಿದರು.

ಫಾಲ್ಕೆ ಮೇಲೆ ಹೊರಿಸುವ ದೂರು ಹಳೆಯದು: ಕ್ಯಾಮೆರಾವನ್ನು ಎದುರಿಗೆ ನೆಟ್ಟು ನಾಟಕ ತೆಗೆದರು ಎಂದು. ‘ಹರಿಶ್ಚಂದ್ರ’ದ ಉಳಿದಿರುವ ರೀಲುಗಳನ್ನಷ್ಟೇ ನೋಡಿದವರಿಗೆ ಹಾಗನ್ನಿಸುವುದು ಸಹಜ. ಆದರೆ 1919ರ ‘ಕಾಳೀಯ ಮರ್ದನ’ ನೋಡಿ. ಕೃಷ್ಣನ ಪಾತ್ರ ಮಾಡಿದವಳು ಅವರ ಮಗಳು, ಪುಟ್ಟ ಮಂದಾಕಿನಿ. ಕಥೆ ಶುರುವಾಗುವ ಮುಂಚೆಯೇ ಅವಳ ಮುಖವನ್ನು ಹತ್ತಿರದಿಂದ ತೋರಿಸುತ್ತಾರೆ. ನಗು, ಸಿಟ್ಟು, ಅಳು ಒಂದಾದ ಮೇಲೊಂದು ಆ ಮುಖದ ಮೇಲೆ ಹಾಯುತ್ತವೆ. ಭಾವಚಿತ್ರ ಬರೆದು ಗೊತ್ತಿದ್ದವನಿಗೆ ಮಾತ್ರ ಹೊಳೆಯುವ ಆರಂಭ ಅದು. ಆಮೇಲೆ ನೀರೊಳಗೆ ಹಾವಿನೊಡನೆ ಹೋರಾಟ, ದಡದ ಮೇಲೆ ಊರವರ ಕಳವಳ, ಮತ್ತೆ ನೀರು, ಮತ್ತೆ ದಡ. ಈ ಹೆಣಿಗೆ ರಂಗದ ಮೇಲೆ ಸಾಧ್ಯವಿಲ್ಲ. ‘ಶ್ರೀಕೃಷ್ಣ ಜನ್ಮ’ದಲ್ಲಿ (1918) ಕಂಸನ ತಲೆ ಕತ್ತಿನಿಂದ ಬೇರ್ಪಟ್ಟು ಮೇಲೇಳುತ್ತದೆ; ಭಯಕ್ಕೆ ಅಷ್ಟು ನೇರವಾದ ಚಿತ್ರವನ್ನು ಇಂದಿಗೂ ಅಪರೂಪಕ್ಕೆ ಕಾಣುತ್ತೇವೆ.

ಛತ್ರಪತಿ ಸಂಭಾಜಿನಗರದ ಸಮೀಪದ ಎಲ್ಲೋರದಲ್ಲಿ ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣ ಕಡೆಸಿದ ಕೈಲಾಸ ದೇಗುಲವಿದೆ. ಅದರ ಗೋಡೆಯ ಮೇಲೆ ರಾಮಾಯಣವೂ ಮಹಾಭಾರತವೂ ಸಾಲುಸಾಲಾಗಿ ಸಾಗುತ್ತವೆ. ಫಾಲ್ಕೆ ಅಲ್ಲಿಂದ ಕಲಿತರೆಂದು ನಾನು ಹೇಳುತ್ತಿಲ್ಲ. ನೋಡುವವನಿಗೆ ಕಥೆ ಮೊದಲೇ ಗೊತ್ತಿರುವುದರಿಂದ ದೃಶ್ಯ ತಾನೇ ತಾನಾಗಿ ನಿಲ್ಲಬಹುದು ಎಂಬ ಧೈರ್ಯ ಎರಡು ಕಡೆಯೂ ಒಂದೇ.

ಕೊರತೆಗಳನ್ನು ಮುಚ್ಚಿಡಬಾರದು. ಅವರ ಬೆಳಕು ಹಗಲಿನದು, ಚಪ್ಪಟೆ. ನೆರಳಿಗೂ ಅರ್ಥವಿದೆ ಎಂದು ಕಂಡುಕೊಂಡವರು ಕೊಲ್ಹಾಪುರದ ಬಾಬುರಾವ್ ಪೇಂಟರ್. 1923ರ ‘ಸಿಂಹಗಡ’ಕ್ಕೆ ಅವರು ಕೃತಕ ದೀಪ ಬಳಸಿದರು, 1925ರ ‘ಸಾವಕಾರಿ ಪಾಶ’ದಲ್ಲಿ ಸಾಲದಲ್ಲಿ ಸಿಕ್ಕಿದ ರೈತನ ಬದುಕಿಗೆ ಬಂದರು. ಫಾಲ್ಕೆ ಪುರಾಣ ಬಿಟ್ಟು ದೂರ ಹೋಗಲಿಲ್ಲ. ಅವರ ಏಕೈಕ ಮಾತಿನ ಚಿತ್ರ, 1937ರ ‘ಗಂಗಾವತರಣ’, ಬರುವಷ್ಟರಲ್ಲಿ ಕಾಲ ಮುಂದೆ ಸರಿದಿತ್ತು.

ಇನ್ನೊಂದು ಅನ್ಯಾಯ ನನ್ನನ್ನು ಕಾಡುತ್ತದೆ. ‘ಹರಿಶ್ಚಂದ್ರ’ದ ಕ್ಯಾಮೆರಾ ಹಿಡಿಕೆ ತಿರುಗಿಸಿದವರು ತ್ರ್ಯಂಬಕ ತೆಲಂಗ್. ತಾರಾಮತಿಯಾಗಿ ಸೀರೆ ಉಟ್ಟ ಅಣ್ಣಾ ಸಾಳುಂಕೆ ಹೋಟೆಲಿನ ಅಡುಗೆಯವರು. ಮುಂದೆ ಅವರೂ ಛಾಯಾಗ್ರಾಹಕರಾದರು. ರಾತ್ರಿ ಕೂತು ಫಿಲ್ಮಿಗೆ ತೂತು ಹೊಡೆದವರು ಪತ್ನಿ ಸರಸ್ವತಿಬಾಯಿ. ‘ಪಿತಾಮಹ’ ಎಂಬ ಒಂದೇ ಪದದಡಿ ಇವರೆಲ್ಲ ಮರೆಯಾಗಿದ್ದಾರೆ.

ಓದುಗರಲ್ಲಿ ಒಂದು ಕೋರಿಕೆ. ‘ಕಾಳೀಯ ಮರ್ದನ’ ನೋಡುವಾಗ ಅದರ ವೇಗ ತಗ್ಗಿಸಿಕೊಳ್ಳಿ. ಕೈಯಲ್ಲಿ ತಿರುಗಿಸಿ ತೆಗೆದ ಚಿತ್ರವನ್ನು ಇಂದಿನ ವೇಗದಲ್ಲಿ ಓಡಿಸಿದರೆ ಎಲ್ಲರೂ ಗಡಿಬಿಡಿಯಲ್ಲಿ ಕುಣಿದಂತೆ ಕಂಡು ನಗು ಬರುತ್ತದೆ. ನಿಧಾನವಾಗಿ ನೋಡಿದರೆ ಆ ಮಗುವಿನ ಅಭಿನಯ ಎಷ್ಟು ಹದವಾಗಿದೆ ಎಂದು ನಿಮಗೇ ತಿಳಿಯುತ್ತದೆ.