ಷರತ್ತಿನ ಬಸಿರು: ಗರ್ಭಪರೀಕ್ಷೆಯನ್ನು ಕುರಿತ ಎರಡು ಗ್ರಂಥಗಳು

ಅಮೆರಿಕದ ಸಮಾಜಶಾಸ್ತ್ರಜ್ಞೆ ಬಾರ್ಬರಾ ಕಾಟ್ಜ್ ರಾಥ್‌ಮನ್ ಅವರ ‘ದಿ ಟೆಂಟೆಟಿವ್ ಪ್ರೆಗ್ನೆನ್ಸಿ’ ಎಂಬ ಗ್ರಂಥವು 1986ರಲ್ಲಿ ಪ್ರಕಟವಾಯಿತು. ಗರ್ಭಸ್ಥ ಶಿಶುವಿನ ವರ್ಣತಂತುಗಳ ದೋಷವನ್ನು ಅರಿಯಲು ಅಂದು ಇದ್ದ ಮುಖ್ಯ ಮಾರ್ಗವೆಂದರೆ ಆಮ್ನಿಯೋಸೆಂಟೆಸಿಸ್. ಗರ್ಭಿಣಿಗೆ 16ರಿಂದ 18 ವಾರ ತುಂಬುವ ಹೊತ್ತಿಗೆ ಹೊಟ್ಟೆಯ ಮೂಲಕ ಸೂಜಿ ಹಾಯಿಸಿ ಗರ್ಭಜಲವನ್ನು ತೆಗೆಯುವುದು, ಅದರಲ್ಲಿರುವ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ವರ್ಣತಂತುಗಳನ್ನು ಎಣಿಸುವುದು. ಇದರ ಫಲಿತಾಂಶಕ್ಕೆ ಮೂರು ನಾಲ್ಕು ವಾರ ಕಾಯಬೇಕಾಗಿತ್ತು. ಇಂದು 10ನೆಯ ವಾರದಲ್ಲಿಯೇ ತಾಯಿಯ ತೋಳಿನ ರಕ್ತದಿಂದ ಎನ್.ಐ.ಪಿ.ಟಿ. ಎಂಬ ಪರೀಕ್ಷೆ ಸಾಧ್ಯವಾಗಿದೆ. 11ರಿಂದ 14ನೆಯ ವಾರದೊಳಗೆ ಎನ್.ಟಿ. ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್, ಐದನೆಯ ತಿಂಗಳಲ್ಲಿ ಅಂಗಾಂಗಗಳ ಸ್ಕ್ಯಾನಿಂಗ್ ನಮ್ಮ ನಗರಗಳ ಆಸ್ಪತ್ರೆಗಳಲ್ಲಿ ವಾಡಿಕೆಯ ಮಾತಾಗಿವೆ. ಆದರೂ ಈ ಗ್ರಂಥ ಹಳತಾಗಿಲ್ಲ. ಅದರ ನಿಜವಾದ ವಸ್ತು ಸೂಜಿಗಿಂತ ಹೆಚ್ಚಾಗಿ ಕಾಯುವಿಕೆ.

ಪರೀಕ್ಷೆಗೆ ಒಪ್ಪಿದವರು, ನಿರಾಕರಿಸಿದವರು, ದೋಷವಿದೆಯೆಂದು ತಿಳಿದು ಗರ್ಭವನ್ನು ಮುಗಿಸಿಕೊಂಡವರು, ಅವರಿಗೆ ಸಲಹೆ ನೀಡುವ ವೃತ್ತಿಯವರು, ಇವರೆಲ್ಲರೊಡನೆ ಲೇಖಕಿ ಮಾತನಾಡಿದ್ದಾರೆ. ಆ ಮಾತುಗಳಿಂದ ಅವರು ಎತ್ತಿ ತೋರಿಸುವ ಸಂಗತಿ ಸರಳವಾದುದು, ಆದರೆ ತಳಮಳಗೊಳಿಸುವಂಥದು. ಫಲಿತಾಂಶ ಬರುವವರೆಗೆ ಸ್ತ್ರೀಯು ತನ್ನ ಬಸಿರನ್ನು ತನ್ನದೆಂದು ಪೂರ್ಣವಾಗಿ ಒಪ್ಪಿಕೊಳ್ಳುವುದಿಲ್ಲ. ಬಂಧುಗಳಿಗೆ ಹೇಳುವುದನ್ನು ಮುಂದೂಡುತ್ತಾಳೆ, ಮನಸ್ಸನ್ನು ಕಟ್ಟಿಹಾಕುತ್ತಾಳೆ. ಪರೀಕ್ಷೆಯ ವರದಿಗಾಗಿ ಕಾದವರಲ್ಲಿ ಅನೇಕರು ಶಿಶುವಿನ ಚಲನೆಯನ್ನು ತಡವಾಗಿ ಗುರುತಿಸಿದರೆಂಬುದು ಈ ಗ್ರಂಥದ ಅತ್ಯಂತ ಮಾರ್ಮಿಕವಾದ ಅವಲೋಕನ. ಶಿಶು ಮಿಸುಕುತ್ತಲೇ ಇದೆ, ತಾಯಿ ಅದನ್ನು ಅರಿಯಲು ಇನ್ನೂ ಅನುಮತಿ ಪಡೆದಿಲ್ಲ. ಷರತ್ತಿಗೆ ಒಳಪಟ್ಟ ಈ ಬಸಿರನ್ನೇ ಗ್ರಂಥದ ಹೆಸರು ಸೂಚಿಸುತ್ತದೆ.

ಶ್ವೇತಾಂಬರ ಪರಂಪರೆಯ ಕಲ್ಪಸೂತ್ರವನ್ನು ಬಲ್ಲವರಿಗೆ ಇಲ್ಲಿ ಒಂದು ಪ್ರಸಂಗ ನೆನಪಾಗದಿರದು. ತಾಯಿಗೆ ನೋವಾಗದಿರಲೆಂದು ಗರ್ಭದಲ್ಲಿದ್ದ ವರ್ಧಮಾನನು ನಿಶ್ಚಲನಾಗುತ್ತಾನೆ; ತ್ರಿಶಲೆಯು ಶಿಶುವಿಗೆ ಏನೋ ಕೇಡಾಯಿತೆಂದು ಶೋಕಿಸುತ್ತಾಳೆ; ಅದನ್ನರಿತ ಶಿಶು ಕಿಂಚಿತ್ ಅಲುಗಿ ಆಕೆಯನ್ನು ಸಂತೈಸುತ್ತದೆ. ದಿಗಂಬರ ಪರಂಪರೆಯಲ್ಲಿ ಈ ಕಥೆಗೆ ಸ್ಥಾನವಿಲ್ಲವೆಂಬುದು ನಿಜ. ಆದರೂ ತಾಯಿಗೂ ಶಿಶುವಿಗೂ ನಡುವೆ ಮೂರನೆಯವರ ವರದಿಯಿಲ್ಲದೆ ನಡೆಯುವ ಆ ಸಂವಾದದ ಪಕ್ಕದಲ್ಲಿ ರಾಥ್‌ಮನ್ ಚಿತ್ರಿಸುವ ಮೌನವನ್ನು ಇರಿಸಿ ನೋಡಿದರೆ, ತಂತ್ರಜ್ಞಾನ ಎಲ್ಲಿ ಬಂದು ನಿಂತಿದೆಯೆಂಬುದು ಸ್ಪಷ್ಟವಾಗುತ್ತದೆ.

ಇದೇ ಗ್ರಂಥದ ಇನ್ನೊಂದು ಅವಲೋಕನ ಭಾರತದ ಓದುಗರಿಗೆ ಇನ್ನಷ್ಟು ಹತ್ತಿರದ್ದು. ಶಿಶು ಗಂಡೆಂದು ಮೊದಲೇ ತಿಳಿದ ತಾಯಂದಿರು ಅದರ ಚಲನೆಯನ್ನು ಬಲಿಷ್ಠವೆಂದೂ, ಹೆಣ್ಣೆಂದು ತಿಳಿದವರು ಮೃದುವೆಂಬ ಧಾಟಿಯಲ್ಲಿಯೂ ವರ್ಣಿಸಿದರಂತೆ. ತಿಳಿಯದವರ ಮಾತಿನಲ್ಲಿ ಅಂಥ ಭೇದವಿರಲಿಲ್ಲವಂತೆ. ಅಮೆರಿಕದಲ್ಲಿ ಇದು ಮಾತಿನ ಭೇದವಾಗಿ ಉಳಿಯಿತು. ಇಲ್ಲಿಯಾದರೋ 1970ರ ದಶಕದಲ್ಲಿ ದೋಷಗಳ ಪತ್ತೆಗೆಂದು ಬಂದ ಗರ್ಭಜಲ ಪರೀಕ್ಷೆ ಕೆಲವೇ ವರ್ಷಗಳಲ್ಲಿ ಹೆಣ್ಣುಶಿಶುವಿನ ನಾಶಕ್ಕೆ ಸಾಧನವಾಯಿತು. 1988ರಲ್ಲಿ ಮಹಾರಾಷ್ಟ್ರವು ಕಾನೂನು ತಂದಿತು. 1994ರಲ್ಲಿ ಕೇಂದ್ರದ ಶಾಸನ ಬಂದು 1996ರಿಂದ ಜಾರಿಯಾಯಿತು, 2003ರಲ್ಲಿ ಬಿಗಿಯಾಯಿತು. ಪರೀಕ್ಷೆಯೊಂದು ತಟಸ್ಥವಾದ ಜ್ಞಾನವನ್ನಷ್ಟೇ ನೀಡುತ್ತದೆ, ಉಪಯೋಗ ಮಾತ್ರ ನಮ್ಮದು ಎಂಬ ವಾದವನ್ನು ಈ ಇತಿಹಾಸ ಬಲ್ಲವರು ಸುಲಭವಾಗಿ ಒಪ್ಪಲಾರರು.

ರಾಥ್‌ಮನ್ ಅವರ ದೌರ್ಬಲ್ಯವೂ ಅವರ ಶಕ್ತಿಯಿಂದಲೇ ಹುಟ್ಟಿದೆ. ತಂತ್ರಜ್ಞಾನವು ಮಾತೃತ್ವವನ್ನು ಕೆಡಿಸಿತೆಂಬ ನಿರ್ಣಯ ಅವರಲ್ಲಿ ಎಷ್ಟು ಗಾಢವೆಂದರೆ, ಪರೀಕ್ಷೆಯಿಂದ ನೆಮ್ಮದಿ ಪಡೆದ ಸ್ತ್ರೀಯ ಮಾತು ಹಿನ್ನೆಲೆಗೆ ಸರಿದುಬಿಡುತ್ತದೆ. ಈ ಕೊರತೆಯನ್ನು ತುಂಬಿದವರು ಮಾನವಶಾಸ್ತ್ರಜ್ಞೆ ರೇನಾ ರ‍್ಯಾಪ್. 1999ರಲ್ಲಿ ಬಂದ ಅವರ ‘ಟೆಸ್ಟಿಂಗ್ ವಿಮೆನ್, ಟೆಸ್ಟಿಂಗ್ ದಿ ಫೀಟಸ್’ ಗ್ರಂಥದ ಹಿಂದೆ ಒಂದು ನೋವಿದೆ. 1983ರಲ್ಲಿ ಅವರ ಗರ್ಭದಲ್ಲಿದ್ದ ಶಿಶುವಿಗೆ ಡೌನ್ ಸಿಂಡ್ರೋಮ್ ಇದೆಯೆಂದು ಪರೀಕ್ಷೆ ತಿಳಿಸಿತು. ಅವರು ಗರ್ಭವನ್ನು ಮುಗಿಸಿಕೊಂಡರು. ತಮ್ಮ ನಿರ್ಧಾರವನ್ನು ಸಮರ್ಥಿಸಿಕೊಳ್ಳುವ ಪುಸ್ತಕ ಬರೆಯದೆ, ಅವರು ನ್ಯೂಯಾರ್ಕ್ ನಗರದ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಕುಳಿತು ಇತರರ ಮಾತು ಕೇಳಿದರು. ಬಡವರು, ವಲಸೆ ಬಂದವರು, ಸ್ಪ್ಯಾನಿಷ್ ಅಥವಾ ಹೈಟಿಯ ಕ್ರಿಯೋಲ್ ಮಾತನಾಡುವವರು, ಶ್ರದ್ಧಾವಂತರು, ನಿರೀಶ್ವರವಾದಿಗಳು ಎಲ್ಲರೂ ಅಲ್ಲಿ ಬರುತ್ತಾರೆ. ವರ್ಣತಂತು ಎಣಿಸುವ ಪ್ರಯೋಗಾಲಯಕ್ಕೂ, ಡೌನ್ ಸಿಂಡ್ರೋಮ್ ಇರುವ ಮಕ್ಕಳ ಮನೆಗಳಿಗೂ ಅವರು ಹೋದರು. ಹಿಂದೆ ಯಾರೂ ನಡೆಯದ ದಾರಿಯಲ್ಲಿ ಧರ್ಮಾಧರ್ಮಗಳನ್ನು ತಾವೇ ಕಂಡುಕೊಳ್ಳಬೇಕಾದ ಈ ಗರ್ಭಿಣಿಯರನ್ನು ಅವರು ನೈತಿಕತೆಯ ಮುಂಚೂಣಿಯವರೆಂದು ಕರೆಯುತ್ತಾರೆ. ಎರಡು ಗ್ರಂಥಗಳಲ್ಲಿ ಒಂದನ್ನೇ ಓದಬೇಕಾದರೆ ಓದಬೇಕಾದುದು ಇದು. ತೀರ್ಪಿಗಿಂತ ಶ್ರವಣಕ್ಕೆ ಹೆಚ್ಚು ಸಮಯ ಕೊಟ್ಟ ಗ್ರಂಥವಿದು.

ಈ ಸಲಹಾ ಕೋಣೆಗಳಲ್ಲಿ ಗರ್ಭಿಣಿಯ ಎದುರಿಗೆ ಇಡಲಾಗುವುದು ಅಂಕಿಗಳು. ಅವುಗಳಲ್ಲಿ 35 ಎಂಬ ವಯಸ್ಸಿನ ಗೆರೆಯ ಮೂಲವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಆ ವಯಸ್ಸಿನ ಆಸುಪಾಸಿನಲ್ಲಿ ದೋಷವಿರುವ ಶಿಶುವಿನ ಸಂಭವವೂ, ಅಂದು ಅಂದಾಜು ಮಾಡಿದ್ದ, ಸೂಜಿಯಿಂದ ಗರ್ಭ ಜಾರುವ ಸಂಭವವೂ ಹೆಚ್ಚುಕಡಿಮೆ ಸಮನಾಗುತ್ತವೆ ಎಂಬುದು ಅದಕ್ಕೆ ಆಧಾರವಾಯಿತು. ಒಂದು ಶಿಶುವಿನ ಹುಟ್ಟನ್ನೂ ಇನ್ನೊಂದರ ಸಾವನ್ನೂ ಒಂದೇ ತಕ್ಕಡಿಯಲ್ಲಿಟ್ಟ ಈ ಸಮೀಕರಣವು ನಯವಾಗಿ ವೈದ್ಯಶಾಸ್ತ್ರದ ನಿಯಮವಾಯಿತು.

ಡಬಲ್ ಮಾರ್ಕರ್ ವರದಿಯಲ್ಲಿ ‘1:250’ ಎಂದು ಬಂದರೆ ಮನೆಯಲ್ಲಿ ಸೂತಕದ ವಾತಾವರಣ ಉಂಟಾಗುತ್ತದೆ. ಅಂಥದೇ ವರದಿ ಬಂದ 250 ಸ್ತ್ರೀಯರಲ್ಲಿ 249 ಮಂದಿಯ ಶಿಶುಗಳಿಗೆ ಆ ದೋಷವಿರುವುದಿಲ್ಲವೆಂಬುದೇ ಆ ಅಂಕಿಯ ಅರ್ಥ. ಎನ್.ಐ.ಪಿ.ಟಿ. ಡೌನ್ ಸಿಂಡ್ರೋಮನ್ನು ನೂರಕ್ಕೆ ಸುಮಾರು 99ರಷ್ಟು ಪತ್ತೆ ಮಾಡುತ್ತದೆಂಬ ಮಾತೂ ಎಚ್ಚರಿಕೆಯಿಂದ ಓದತಕ್ಕದ್ದು. ಸಾವಿರಕ್ಕೆ ಒಂದು ಶಿಶುವಿಗೆ ದೋಷವಿರುವ ಕಿರಿಯ ವಯಸ್ಸಿನ ಒಂದು ಲಕ್ಷ ಗರ್ಭಿಣಿಯರನ್ನು ಲೆಕ್ಕಕ್ಕೆ ಹಿಡಿಯೋಣ. ದೋಷವಿರುವ 100ರಲ್ಲಿ 99 ಪತ್ತೆಯಾಗುತ್ತವೆ. ಉಳಿದ 99,900ರಲ್ಲಿ ಸಾವಿರಕ್ಕೆ ಒಂದರಂತೆ ತಪ್ಪು ಸೂಚನೆ ಬಂದರೂ ಸುಮಾರು 100 ಆರೋಗ್ಯವಂತ ಶಿಶುಗಳ ಮೇಲೆ ದೋಷದ ಮುದ್ರೆ ಬೀಳುತ್ತದೆ. ಅಂದರೆ ಇಂಥ ವರದಿ ಬಂದವರಲ್ಲಿ ಅರ್ಧದಷ್ಟು ಮಂದಿಗೆ ಅದು ಸುಳ್ಳು. ಇದು ಶೋಧನೆಯ ಪರೀಕ್ಷೆ, ನಿರ್ಣಯದ ಪರೀಕ್ಷೆಯಲ್ಲ; ಗರ್ಭಜಲದಂಥ ನಿರ್ಣಾಯಕ ಪರೀಕ್ಷೆಯಿಲ್ಲದೆ ಇದೊಂದರ ಮೇಲೆ ಯಾವ ತೀರ್ಮಾನಕ್ಕೂ ಬರಕೂಡದೆಂದು ವೈದ್ಯರೇ ಹೇಳುತ್ತಾರೆ.

ಸ್ಯಾದ್ವಾದಕ್ಕೂ ಸಂಭವನೀಯತೆಗೂ ಇರುವ ನಂಟನ್ನು ಕುರಿತು ಪಿ. ಸಿ. ಮಹಲನೋಬಿಸ್ 1954ರಲ್ಲಿ ಬರೆದಿದ್ದಾರೆ, ತಳಿವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ 1957ರಲ್ಲಿ ‘ಸಂಖ್ಯಾ’ ಪತ್ರಿಕೆಯಲ್ಲಿ ಬರೆದಿದ್ದಾರೆ. ‘ಸ್ಯಾತ್’ ಎಂದರೆ ‘ಇರಬಹುದು’ ಎಂಬ ಸಂಶಯವೆಂದು ತಿಳಿಯುವುದು ಬಹುಕಾಲದ ತಪ್ಪು. ಒಂದು ಅಪೇಕ್ಷೆಯಿಂದ ಹೀಗೆ ಎಂಬುದು ಅದರ ಅಭಿಪ್ರಾಯ. ಮೇಲಿನ ವರದಿಗೆ ಇದು ಸರಿಯಾಗಿ ಹೊಂದುತ್ತದೆ. 1:250 ಎಂಬುದು ತಾಯಿಯ ವಯಸ್ಸು, ರಕ್ತದ ಅಂಶಗಳು, ಸ್ಕ್ಯಾನಿನ ಅಳತೆ ಇವುಗಳ ಅಪೇಕ್ಷೆಯಿಂದ ಸತ್ಯ. ಈ ಒಂದು ಶಿಶುವಿನ ವಿಷಯದಲ್ಲಿ ಅದು ಇನ್ನೂ ಏನನ್ನೂ ಹೇಳಿಲ್ಲ.

ಎರಡೂ ಗ್ರಂಥಗಳಿಗೆ ಅನ್ವಯಿಸುವ ಆಕ್ಷೇಪವೊಂದಿದೆ. ಪರೀಕ್ಷೆ ಎಂದೊಡನೆ ಅವು ಗರ್ಭಪಾತದ ಬಾಗಿಲನ್ನೇ ಕಾಣುತ್ತವೆ. ಆದರೆ ಎಲ್ಲ ಪರೀಕ್ಷೆಗಳೂ ಆ ಬಾಗಿಲಿಗೆ ಒಯ್ಯುವುದಿಲ್ಲ. ತಾಯಿಯ ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಎಂದು ತಿಳಿದರೆ ಒಂದು ಚುಚ್ಚುಮದ್ದಿನಿಂದ ಮುಂದಿನ ಶಿಶುಗಳನ್ನು ಕಾಪಾಡಬಹುದು. ರಕ್ತಹೀನತೆ, ಸಕ್ಕರೆ, ಎಚ್.ಐ.ವಿ. ಇವುಗಳ ಪರೀಕ್ಷೆ ತಾಯಿ ಮಗು ಇಬ್ಬರ ರಕ್ಷಣೆಗಾಗಿಯೇ ಇರುವುದು. ಐದನೆಯ ತಿಂಗಳ ಸ್ಕ್ಯಾನಿಂಗಿನಲ್ಲಿ ಹೃದಯದ ದೋಷ ಕಂಡರೆ, ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆಯಲ್ಲಿ ಹೆರಿಗೆಗೆ ಸಿದ್ಧತೆ ಮಾಡಿಕೊಳ್ಳಬಹುದು. ಥಲಸ್ಸೇಮಿಯಾದ ವಿಷಯದಲ್ಲಿ ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದರಷ್ಟು ರೋಗದ ಸಂಭವವಿರುತ್ತದೆ. ಈ ರಕ್ತಪರೀಕ್ಷೆಯನ್ನು ವಿವಾಹಕ್ಕೆ ಮೊದಲೇ ಅಥವಾ ಬಸಿರಿಗೆ ಮೊದಲೇ ಮಾಡಿಸಿಕೊಂಡರೆ ಮುಂದಿನ ಧರ್ಮಸಂಕಟವೇ ಎಷ್ಟೋ ಕಡಿಮೆಯಾಗುತ್ತದೆ. ಎಲ್ಲವನ್ನೂ ಒಂದೇ ಚೀಟಿಯಲ್ಲಿ ಬರೆದುಕೊಡುವ ರೂಢಿಯಿಂದ ಈ ಭೇದ ಮರೆಯಾಗುತ್ತದೆ. ಹೆದರಿ ಎಲ್ಲವನ್ನೂ ನಿರಾಕರಿಸುವ ಶ್ರದ್ಧಾವಂತರೂ, ಎಲ್ಲಕ್ಕೂ ತೋಳು ಚಾಚುವ ವಿದ್ಯಾವಂತರೂ ಈ ಭೇದವನ್ನು ಕಾಣದವರೇ.

ಗರ್ಭಪಾತವು ಸಂಕಲ್ಪೀ ಹಿಂಸೆ, ಶ್ರಾವಕನಿಗೆ ವರ್ಜ್ಯ ಎಂದು ಹೇಳಿ ಮುಗಿಸುವುದು ಶಾಸ್ತ್ರಬಲ್ಲವರಿಗೆ ಕಷ್ಟವಲ್ಲ. ಆದರೆ ಹಿಂಸೆಯ ಲಕ್ಷಣದಲ್ಲಿ ಆಚಾರ್ಯರು ಪ್ರಮಾದಕ್ಕೆ, ಅಂದರೆ ಅಜಾಗರೂಕತೆಗೆ, ಮೊದಲ ಸ್ಥಾನ ಕೊಟ್ಟಿದ್ದಾರೆ. ಸಂಕಲ್ಪದ ಕ್ಷಣ 20ನೆಯ ವಾರದಲ್ಲಿ ಬರಬಹುದು. ಪ್ರಮಾದದ ಕ್ಷಣ ಬರುವುದು 11ನೆಯ ವಾರದಲ್ಲಿ, ಏನನ್ನೂ ಕೇಳದೆ ಮೊದಲ ರಕ್ತ ಕೊಡುವಾಗ. ಈ ಪರೀಕ್ಷೆ ಯಾವ ದೋಷವನ್ನು ಹುಡುಕುತ್ತದೆ, ಅದಕ್ಕೆ ಚಿಕಿತ್ಸೆಯುಂಟೇ, ಉತ್ತರ ತಿಳಿದ ಮೇಲೆ ದಂಪತಿಗಳು ಮಾಡುವುದೇನು ಎಂಬ ವಿಚಾರ ಆಗಲೇ ನಡೆಯತಕ್ಕದ್ದು. ಫಲಿತಾಂಶ ಏನೇ ಬಂದರೂ ಶಿಶುವನ್ನು ಸ್ವೀಕರಿಸುವೆವೆಂದು ನಿಶ್ಚಯಿಸಿದ ದಂಪತಿಗಳಿಗೆ ಡಬಲ್ ಮಾರ್ಕರ್ ಬೇಡವೆನಿಸಬಹುದು, ಐದನೆಯ ತಿಂಗಳ ಸ್ಕ್ಯಾನಿಂಗ್ ಬೇಕೆನಿಸಬಹುದು. ಸಿದ್ಧತೆಗಾಗಿಯಾದರೂ ಮೊದಲೇ ತಿಳಿದಿರಲಿ ಎನ್ನುವವರೂ ಇರಬಹುದು. ಎರಡೂ ಜಾಗೃತ ನಿರ್ಧಾರಗಳೇ.

ದೋಷವೊಂದರ ಹೆಸರು ಕೇಳಿದೊಡನೆ ಆ ಹೆಸರೇ ಇಡೀ ವ್ಯಕ್ತಿಯಾಗಿಬಿಡುತ್ತದೆ ಎಂದು ಅಂಧರಾಗಿದ್ದ ಚಿಂತಕಿ ಏಡ್ರಿಯನ್ ಆಶ್ ಆಕ್ಷೇಪಿಸಿದ್ದರು. ಒಂದು ಧರ್ಮವನ್ನು ಹಿಡಿದು ಅನಂತಧರ್ಮಾತ್ಮಕವಾದ ವಸ್ತುವನ್ನು ಅಳೆಯುವ ಏಕಾಂತದೋಷವೆಂದು ಅನೇಕಾಂತಿಯು ಇದನ್ನು ತನ್ನ ಮಾತಿನಲ್ಲಿ ಹೇಳಬಹುದು. ರ‍್ಯಾಪ್ ತಮ್ಮ ನಿರ್ಧಾರ ಕೈಗೊಂಡ 1983ರಲ್ಲಿ ಅಮೆರಿಕದಲ್ಲಿ ಡೌನ್ ಸಿಂಡ್ರೋಮ್ ಇದ್ದವರ ಸರಾಸರಿ ಆಯುಷ್ಯ ಸುಮಾರು 25 ವರ್ಷ. ಇಂದು ಅದು ಸುಮಾರು 60. ವರ್ಣತಂತು ಬದಲಾಗಲಿಲ್ಲ. ಹೃದಯದ ಶಸ್ತ್ರಚಿಕಿತ್ಸೆ ಬಂತು, ಆ ಮಕ್ಕಳನ್ನು ಸಂಸ್ಥೆಗಳಿಗೆ ದೂಡುವ ರೂಢಿ ನಿಂತಿತು, ಮನೆ ಮತ್ತು ಶಾಲೆಗಳು ಅವರಿಗೆ ತೆರೆದವು. ಇಲ್ಲಿಯ ಗರ್ಭಿಣಿಗೆ ಆ ಶಾಲೆ, ಆ ಆಸ್ಪತ್ರೆ, ತನ್ನ ಕಾಲಾನಂತರ ಮಗುವನ್ನು ನೋಡಿಕೊಳ್ಳುವ ಕೈ ಇವೆಯೇ ಎಂಬುದೂ ಆಕೆಯ ನಿರ್ಧಾರದಲ್ಲಿ ಸೇರುತ್ತದೆ. ಅಹಿಂಸೆಯನ್ನು ಬೋಧಿಸುವ ಸಮಾಜವು ಆ ಪ್ರಶ್ನೆಯನ್ನು ಆಕೆಯೊಬ್ಬಳ ಮೇಲೆ ಹೊರಿಸಿ ಸುಮ್ಮನಿರುವುದು ಒಪ್ಪುವ ಮಾತಲ್ಲ.

ರ‍್ಯಾಪ್ ಅವರ ನ್ಯೂಯಾರ್ಕಿನ ಕೋಣೆಯಲ್ಲಿ ಕಾಣದ ಅತ್ತೆ, ನಾದಿನಿ, ಹಿರಿಯರು ನಮ್ಮಲ್ಲಿ ಬಾಗಿಲಾಚೆಯಾದರೂ ಇರುತ್ತಾರೆ. 2021ರ ತಿದ್ದುಪಡಿಯಿಂದ ಗರ್ಭಪಾತದ ಮಿತಿ ನಿರ್ದಿಷ್ಟ ವರ್ಗದವರಿಗೆ 24 ವಾರಗಳಿಗೆ ಏರಿದೆ; ಶಿಶುವಿನಲ್ಲಿ ಗಂಭೀರ ದೋಷವಿದೆಯೆಂದು ವೈದ್ಯಕೀಯ ಮಂಡಳಿ ನಿರ್ಣಯಿಸಿದರೆ ಆ ಮಿತಿಯೂ ಇಲ್ಲ. ಕಾಲಾವಕಾಶ ಹೆಚ್ಚಿತು, ಸಲಹೆ ಹೇಳುವವರು ಅಷ್ಟಾಗಿ ಹೆಚ್ಚಲಿಲ್ಲ. ಗರ್ಭಜಲದಂಥ ಪರೀಕ್ಷೆಗೆ ಮೊದಲು ಅದರ ದುಷ್ಪರಿಣಾಮಗಳನ್ನು ವಿವರಿಸಿ, ಗರ್ಭಿಣಿಗೆ ತಿಳಿಯುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯಬೇಕೆಂದು 1994ರ ಶಾಸನವೇ ವಿಧಿಸಿದೆ. ಸಲಹೆಗಾರರ ಇಂಗ್ಲಿಷ್ ಮಾತು ಬೇರೆ ಭಾಷೆಗಳಿಗೆ ದಾಟುವಾಗ ಏನೇನು ಕಳೆದುಹೋಗುತ್ತದೆಂಬುದನ್ನು ತೋರಿಸುವ ರ‍್ಯಾಪ್ ಅವರ ಪುಟಗಳು ಈ ಕಾರಣಕ್ಕೆ ಇಲ್ಲಿ ವಿಶೇಷವಾಗಿ ಓದತಕ್ಕವು. ಕನ್ನಡದಲ್ಲಿ ‘ರಿಸ್ಕ್’ ಎಂಬುದು ‘ಅಪಾಯ’ವಾಗುತ್ತದೆ, ಸಂಭವವೆಂಬ ಅರ್ಥ ಬಿಟ್ಟುಹೋಗುತ್ತದೆ, ‘ಪಾಸಿಟಿವ್ ಬಂದಿದೆ’ ಎಂದರೆ ಕೆಲವರು ಶುಭವೆಂದೂ ಕೆಲವರು ರೋಗ ನಿಶ್ಚಯವಾಯಿತೆಂದೂ ತಿಳಿಯುತ್ತಾರೆ.