ನಿಂತ ಎಂಜಿನ್ನಿನ ರೋಗ

ವಿಮಾನದ ಎಂಜಿನ್ ಅಂದ ಕೂಡಲೇ ನಮ್ಮ ಕಡೆಯ ಮೇಸ್ತ್ರಿಗಳು ಕೈ ಒರೆಸಿಕೊಂಡು ಹಿಂದೆ ಸರಿಯುತ್ತಾರೆ. ಜೆಟ್ ವಿಮಾನದ ಮಟ್ಟಿಗೆ ಅದು ಸರಿಯೇ. ಆದರೆ ಹಾರಾಟ ಕಲಿಸುವ ಸೆಸ್ನಾ 152ರ ಮೂತಿಯ ತಗಡು ಬಿಚ್ಚಿ ನೋಡಿ, ಒಳಗಿರುವುದು ನವಲಗುಂದದ ಯಾವ ಗ್ಯಾರೇಜಿನವನಿಗೂ ಗುರುತು ಸಿಗುವಂಥದ್ದು. ಗಾಳಿಗೇ ತಣಿಯುವ, ಎಡಕ್ಕೆರಡು ಬಲಕ್ಕೆರಡು ಅಡ್ಡ ಮಲಗಿದ ಸಿಲಿಂಡರುಗಳು, ಒಂದು ಕಾರ್ಬುರೇಟರ್, ಪ್ಲಗ್ಗಿಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೊ. ಲೈಕಮಿಂಗ್ ಕಂಪನಿಯ ಈ ಓ-235ರ ತಾಕತ್ತು ಸುಮಾರು 110 ಹಾರ್ಸ್‌ಪವರ್. ನಮ್ಮೂರಿನ ಎರಡು ಟ್ರ್ಯಾಕ್ಟರ್ ಕೂಡಿಸಿದರೆ ಅಷ್ಟಾಗುತ್ತದೆ. ಸಿಲಿಂಡರಿಗೆ ಎರಡೆರಡು ಪ್ಲಗ್. ಒಂದು ಮ್ಯಾಗ್ನೆಟೊ ಕೈಕೊಟ್ಟರೆ ಇನ್ನೊಂದು ಊರು ಮುಟ್ಟಿಸಬೇಕು. ಮ್ಯಾಗ್ನೆಟೊಗೆ ಬ್ಯಾಟರಿಯ ಹಂಗಿಲ್ಲ. ಅದನ್ನು ಸುಮ್ಮನಾಗಿಸುವುದು ಸ್ವಿಚ್ಚಿಗೆ ಹೋಗುವ ತಂತಿ; ಆ ತಂತಿ ಒಳಗೇ ತುಂಡಾಗಿದ್ದರೆ, ಸ್ವಿಚ್ ಆಫ್ ಇದ್ದರೂ ಪ್ರೊಪೆಲ್ಲರ್ ತಿರುಗಿಸಿದವನ ತೋಳು ಹೋದೀತು!

ಇಂಥ ಸಣ್ಣ ವಿಮಾನಗಳು ಕನ್ನಡ ನಾಡಿಗೆ ಹೊಸವೇನಲ್ಲ. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಎಚ್‌ಟಿ-2 ಹಾರಿದ್ದು 1951ರಲ್ಲಿ, 90 ಹಾರ್ಸ್‌ಪವರಿನ ಕಾಂಟಿನೆಂಟಲ್ ಎಂಜಿನ್ ಹೊತ್ತ ಪುಷ್ಪಕ್ 1958ರಲ್ಲಿ. ಬೆಂಗಳೂರಿನದೇ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಹಂಸ-3ಕ್ಕೆ ಆಸ್ಟ್ರಿಯಾದ ರೊಟ್ಯಾಕ್ಸ್ ಎಂಜಿನ್. ಜಕ್ಕೂರಿನ ಸರ್ಕಾರಿ ಹಾರಾಟ ಶಾಲೆ ಶುರುವಾದದ್ದು 1940ರ ದಶಕದ ಕೊನೆಯಲ್ಲಿ.

ಈ ಎಂಜಿನ್ನುಗಳ ಆರೈಕೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎಣ್ಣೆಯ ಶಿಸ್ತು. ಲೈಕಮಿಂಗ್ ಹೇಳುವ ಪ್ರಕಾರ ಫಿಲ್ಟರ್ ಇದ್ದ ಎಂಜಿನ್ನಿಗೆ 50 ಗಂಟೆಗೊಮ್ಮೆ, ಬರೀ ಜಾಲರಿ ಇದ್ದದ್ದಕ್ಕೆ 25 ಗಂಟೆಗೊಮ್ಮೆ ಎಣ್ಣೆ ಬದಲಾಗಬೇಕು. ಹಾರಿರಲಿ ಬಿಡಲಿ, ನಾಲ್ಕು ತಿಂಗಳು ದಾಟುವಂತಿಲ್ಲ. ಟ್ರ್ಯಾಕ್ಟರಿಗೆ ನಾವು ಸಾಮಾನ್ಯವಾಗಿ 250 ಗಂಟೆ ಕೊಡುತ್ತೇವೆ, ಅದೂ ಮೀಟರ್ ನೆಟ್ಟಗಿದ್ದರೆ. ಇನ್ನು ಹಳೆಯ ಫಿಲ್ಟರನ್ನು ವಿಮಾನದ ಮೆಕ್ಯಾನಿಕ್ ಎಸೆಯುವುದಿಲ್ಲ. ಕಟ್ಟರ್ ಹಚ್ಚಿ ಡಬ್ಬಿ ಕತ್ತರಿಸಿ, ಒಳಗಿನ ಮಡಿಕೆ ಕಾಗದ ಬಿಡಿಸಿ, ಬೆಳಕಿಗೆ ಹಿಡಿಯುತ್ತಾನೆ. ಮಿಂಚುವ ಚೂರು ಕಂಡರೆ ಆಯಸ್ಕಾಂತ ತೋರಿಸುತ್ತಾನೆ. ಅಂಟಿತೋ, ಕಬ್ಬಿಣದ ಭಾಗ ಸವೆಯುತ್ತಿದೆ. ಅಂಟಲಿಲ್ಲವೋ, ಅಲ್ಯುಮಿನಿಯಂ ಇರಬಹುದು. ಎಣ್ಣೆಯ ಬಣ್ಣ ನೋಡಿ ಯಾರೂ ತೀರ್ಪು ಕೊಡುವುದಿಲ್ಲ. ನವಲಗುಂದದ ಹಿರಿಯ ಮೇಸ್ತ್ರಿಯೊಬ್ಬರು ಇದನ್ನೇ ಹೇಳುತ್ತಾರೆ: “ಎಣ್ಣಿ ಕರ್ರಗಾತಂದ್ರ ಕೆಟ್ಟೈತಿ ಅಂತಲ್ರೀ, ಹೊಲಸು ಎತ್ಕೊಂಡೈತಿ ಅಂತ.”

ಕಂಪ್ರೆಷನ್ ಪರೀಕ್ಷೆಯಂತೂ ಕಿವಿಯ ಕೆಲಸ. ಪಿಸ್ಟನ್ ಮೇಲೆ ತಂದು, ಪ್ರೊಪೆಲ್ಲರನ್ನು ಬಿಗಿಯಾಗಿ ಹಿಡಿದು, ಪ್ಲಗ್ಗಿನ ತೂತಿನಿಂದ 80 ಪೌಂಡ್ ಒತ್ತಡದ ಗಾಳಿ ಬಿಡುತ್ತಾರೆ. ಸಿಲಿಂಡರಿನಲ್ಲಿ ಉಳಿದ ಒತ್ತಡ ತೋರಿಸುವ ಎರಡನೇ ಗೇಜು 75ಕ್ಕೆ ನಿಂತರೆ ಸಂತೋಷ. 60ಕ್ಕಿಂತ ಕೆಳಗಿಳಿದರೆ ಸಿಲಿಂಡರ್ ಬಿಚ್ಚುವ ಮಾತು ಶುರು. ಗಾಳಿ ಎಲ್ಲಿ ಸೋರುತ್ತಿದೆ ಅನ್ನುವುದಕ್ಕೆ ಯಾವ ಕಂಪ್ಯೂಟರೂ ಬೇಡ. ಸೈಲೆನ್ಸರ್ ಕೊಳವೆಯಲ್ಲಿ ಸುಯ್ಯೆಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬುರೇಟರಿನಲ್ಲಿ ಕೇಳಿದರೆ ಇನ್‌ಟೇಕ್ ವಾಲ್ವ್, ಎಣ್ಣೆ ಹಾಕುವ ಬಾಯಲ್ಲಿ ಕೇಳಿದರೆ ಪಿಸ್ಟನ್ ರಿಂಗ್. ರೊಟ್ಯಾಕ್ಸಿನದು ಇನ್ನೊಂದು ಮೋಜು. ಅದರ ಎಣ್ಣೆ ಬೇರೆ ಟಾಂಕಿಯಲ್ಲಿರುತ್ತದೆ. ಅಳತೆ ನೋಡುವ ಮುಂಚೆ ಟಾಂಕಿಯ ಮುಚ್ಚಳ ತೆಗೆದು, ಪ್ರೊಪೆಲ್ಲರನ್ನು ಅದು ತಿರುಗುವ ದಿಕ್ಕಿಗೇ ಕೈಯಿಂದ ತಿರುವಬೇಕು. ಎಣ್ಣೆಯೆಲ್ಲ ಟಾಂಕಿಗೆ ಬಂದ ಮೇಲೆ ಒಳಗಿನಿಂದ ‘ಗುಳುಗುಳು’ ಎಂದು ತೇಗುತ್ತದೆ. ತೇಗುವ ತನಕ ಕಡ್ಡಿ ಅದ್ದುವಂತಿಲ್ಲ.

ಆದರೆ ಈ ಎಂಜಿನ್ನುಗಳ ದೊಡ್ಡ ವೈರಿ ದುಡಿಮೆಯಲ್ಲ, ಬಿಡುವು. ಲೈಕಮಿಂಗ್ ಎಂಜಿನ್ನಿನ ಕ್ಯಾಮ್‌ಶಾಫ್ಟ್ ಇರುವುದು ಕ್ರ್ಯಾಂಕ್‌ಶಾಫ್ಟಿನ ಮೇಲೆ. ವಾರಗಟ್ಟಲೆ ನಿಂತರೆ ಅದಕ್ಕೆ ಮೆತ್ತಿದ ಎಣ್ಣೆ ಕೆಳಗಿಳಿದು ಉಕ್ಕು ಬರಿದಾಗುತ್ತದೆ. ಒಳಗಿನ ತೇವ, ಸುಟ್ಟ ಇಂಧನದ ಆಮ್ಲ ಎರಡೂ ಸೇರಿ ತುಕ್ಕಿನ ಚುಕ್ಕಿ ಏಳುತ್ತವೆ. ಮುಂದೆ ಎಂಜಿನ್ ಓಡಿದಾಗ ಆ ಚುಕ್ಕಿಗಳಿಂದಲೇ ಉಕ್ಕಿನ ಪದರ ಕಿತ್ತುಬರುತ್ತದೆ. ಪಾಪ, ಮಾಲೀಕ ಏನೋ ಒಳ್ಳೆಯದಾಗಲಿ ಎಂದು ವಾರಕ್ಕೊಮ್ಮೆ ನೆಲದ ಮೇಲೇ ಹತ್ತು ನಿಮಿಷ ಓಡಿಸುತ್ತಾನೆ. ಅದು ಇನ್ನೂ ಕೆಟ್ಟದ್ದು. ನೆಲದ ಮೇಲೆ ಎಣ್ಣೆ ಸಾಕಷ್ಟು ಕಾಯುವುದಿಲ್ಲ. ಉರಿಯಿಂದ ಹುಟ್ಟಿದ ನೀರು ಆವಿಯಾಗಿ ಹೋಗದೆ ಒಳಗೇ ಉಳಿಯುತ್ತದೆ. ನಮ್ಮ ಪಂಪ್‌ಸೆಟ್ಟು, ರಾಶಿ ಯಂತ್ರಗಳಿಗೂ ಇದೇ ಗತಿ. ಸುಗ್ಗಿ ಮುಗಿದ ಮೇಲೆ ಆಗೀಗ ಒಂದೆರಡು ನಿಮಿಷ ‘ಡುಗುಡುಗು’ ಅನಿಸಿ ಬಂದ್ ಮಾಡುವ ಚಾಳಿಯನ್ನು ನಾನು ಆರೈಕೆ ಎನ್ನುವುದಿಲ್ಲ. ಒಂದೋ ಚೆನ್ನಾಗಿ ಕಾಯುವ ತನಕ ಭಾರ ಹಾಕಿ ದುಡಿಸಿ, ಇಲ್ಲವೇ ಹೊಸ ಎಣ್ಣೆ ಹಾಕಿ ಮುಟ್ಟದೆ ಬಿಡಿ.

ದೂಳಿನ ಮಾತು ನಮ್ಮ ಎರೆಸೀಮೆಗೆ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಅಣ್ಣಿಗೇರಿ ಕಡೆ ಒಂದು ಟ್ರ್ಯಾಕ್ಟರ್ ಹಾದರೆ ಹಿಂದಿನದು ಕಾಣುವುದಿಲ್ಲ. ಸೆಸ್ನಾದಲ್ಲಿ ಕಾರ್ಬುರೇಟರಿಗೆ ಹಿಮ ಕಟ್ಟದಂತೆ ಬಿಸಿಗಾಳಿ ಬಿಡುವ ಗುಂಡಿಯಿದೆ. ಆ ಗಾಳಿ ಫಿಲ್ಟರ್ ದಾಟಿ ಬರುವುದಿಲ್ಲ. ಅದಕ್ಕೇ ನೆಲದ ಮೇಲೆ ಅದನ್ನು ಪರೀಕ್ಷೆಗೆ ಒಮ್ಮೆ ಎಳೆದು ತಕ್ಷಣ ಒಳಗೆ ತಳ್ಳುತ್ತಾರೆ.

ಇಂಧನದಲ್ಲೂ ಅಷ್ಟೇ ಅನುಮಾನ. ಹಾರುವ ಮುಂಚೆ ಟಾಂಕಿಯ ತಳದಿಂದ ಪಾರದರ್ಶಕ ಲೋಟಕ್ಕೆ ಒಂದಿಷ್ಟು ಬಸಿದು ನೋಡುತ್ತಾರೆ. ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ; ನೀರಿದ್ದರೆ ತಳದಲ್ಲಿ ಬೇರೆಯೇ ನಿಲ್ಲುತ್ತದೆ. ರೊಟ್ಯಾಕ್ಸಿಗೆ ಕಾರಿನ ಪೆಟ್ರೋಲೂ ಆಗುತ್ತದೆ, ಆದರೆ ಎಥನಾಲ್ ಶೇಕಡ 10 ಮೀರಬಾರದು. ನಮ್ಮ ಬಂಕುಗಳಲ್ಲಿ ಈಗ ಶೇಕಡ 20. ಎಥನಾಲ್ ತೇವ ಎಳೆದುಕೊಳ್ಳುತ್ತದೆ. ಕುಂದಗೋಳದ ಮೆಣಸಿನಕಾಯಿ ಹೊಲಕ್ಕೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರನ್ನು ಪೆಟ್ರೋಲ್ ಸಮೇತ ಮೂಲೆಗಿಟ್ಟವರು, ಮುಂದಿನ ವರ್ಷ ಹಗ್ಗ ಎಳೆದೆಳೆದು ಬೆವರುವುದಕ್ಕೆ ಇದೂ ಒಂದು ಕಾರಣ.

ಹಿಂಗಾರಿ ಬಿತ್ತನೆಗೆ ಮೊದಲು ಟ್ರ್ಯಾಕ್ಟರಿಗೆ ಎಣ್ಣೆ ಬದಲಿಸುತ್ತೀರಲ್ಲ, ಆಗ ಹಳೆಯ ಫಿಲ್ಟರನ್ನು ಗುಜರಿಗೆ ಹಾಕುವ ಮುಂಚೆ ಮೇಸ್ತ್ರಿಯ ಮುಂದೆಯೇ ಕೊಯ್ಸಿ ನೋಡಿ. ಕಾಗದದಲ್ಲಿ ಮಿಂಚು ಕಂಡರೆ ಕೂರಿಗೆ ಹೂಡುವ ಮೊದಲೇ ಎಂಜಿನ್ ಬಿಚ್ಚಿಸಿ.