ಸಿ.ಐ.ಡಿ. ೯೯೯ ಚಿತ್ರಮಾಲೆಯ ನಿರ್ವಹಣಸಂಧಿ

ರೂಪಕಕ್ಕೆ ಐದು ಸಂಧಿಗಳನ್ನು ವಿಧಿಸಿದ ನಮ್ಮ ಲಾಕ್ಷಣಿಕರು, ಒಬ್ಬನೇ ನಾಯಕನನ್ನುಳ್ಳ, ಒಂದೊಂದೂ ತನ್ನಷ್ಟಕ್ಕೆ ಪೂರ್ಣವಾದ, ವರ್ಷಾಂತರಗಳಲ್ಲಿ ಹೊರಬೀಳುವ ಚಲಚ್ಚಿತ್ರಗಳ ಮಾಲೆಯನ್ನು ಕಂಡವರಲ್ಲ. ಆದರೂ ಅಂತಹ ಮಾಲೆಯೊಂದರ ಕಡೆಯ ಚಿತ್ರವು ಸಹೃದಯನಿಗೆ ಏತಕ್ಕೆ ತೃಪ್ತಿಯನ್ನು ಕೊಡಲಿಲ್ಲವೆಂದು ವಿಚಾರಿಸಹೊರಟರೆ, ಅವರು ಇಟ್ಟುಹೋದ ಅಳತೆಗೋಲಿಗಿಂತ ಮೇಲಾದ ಸಾಧನವು ನಮಗೆ ದೊರೆಯದು. ದೊರೆ-ಭಗವಾನ್ ಎಂಬ ಜೋಡಿ ಹೆಸರಿನಿಂದ ಪ್ರಸಿದ್ಧರಾದ ನಿರ್ದೇಶಕರು ಶ್ರೀ ರಾಜಕುಮಾರರನ್ನು ನಾಯಕರನ್ನಾಗಿಸಿ ರಚಿಸಿದ ನಾಲ್ಕು ಪತ್ತೇದಾರಿ ಚಿತ್ರಗಳನ್ನು ಈ ದೃಷ್ಟಿಯಿಂದ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಆ ನಾಲ್ಕು ಇವು: ‘ಜೇಡರ ಬಲೆ’ (೧೯೬೮), ‘ಗೋವಾದಲ್ಲಿ ಸಿ.ಐ.ಡಿ. ೯೯೯’ (೧೯೬೮), ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯’ (೧೯೬೯), ‘ಆಪರೇಷನ್ ಡೈಮಂಡ್ ರಾಕೆಟ್’ (೧೯೭೮). ನಾಲ್ಕರಲ್ಲಿಯೂ ನಾಯಕನು ಪ್ರಕಾಶನೆಂಬ ಗೂಢಚಾರ. ಅವನ ಸಂಖ್ಯೆ ೯೯೯. ಇಂಗ್ಲಿಷಿನಲ್ಲಿ ೧೯೫೩ರಿಂದ ಕಾದಂಬರಿಯಾಗಿಯೂ ೧೯೬೨ರಿಂದ ಚಲಚ್ಚಿತ್ರವಾಗಿಯೂ ಬಂದ ಜೇಮ್ಸ್ ಬಾಂಡನ ಕಥೆಗಳೇ ಇವಕ್ಕೆ ಮಾದರಿಯೆಂಬುದನ್ನು ವಾಚಕರೆಲ್ಲರೂ ಬಲ್ಲರು. ಮೊದಲನೆಯ ಮೂರು ಚಿತ್ರಗಳು ಎರಡೇ ವರ್ಷಗಳ ಅವಧಿಯಲ್ಲಿ ಹೊರಬಂದುವು. ನಾಲ್ಕನೆಯದು ಒಂಬತ್ತು ವರ್ಷಗಳ ತರುವಾಯ ಬಂದು, ಅಲ್ಲಿಗೆ ಮಾಲೆಯು ಮುಗಿಯಿತು. ದೊರೆರಾಜರು ೨೦೦೦ದಲ್ಲಿಯೂ, ರಾಜಕುಮಾರರು ೨೦೦೬ರಲ್ಲಿಯೂ, ಭಗವಾನರು ೨೦೨೩ರಲ್ಲಿಯೂ ಕೀರ್ತಿಶೇಷರಾದುದರಿಂದ ಇದೀಗ ಈ ನಾಲ್ಕನ್ನು ಒಂದು ಪೂರ್ಣಕೃತಿಯೆಂದು ಭಾವಿಸಿ ಪರೀಕ್ಷಿಸಲು ಅಡ್ಡಿಯಿಲ್ಲ.

ಮೊದಲು ಬೀಜವನ್ನು ನೋಡುವ. ‘ಜೇಡರ ಬಲೆ’ಯ ಬೀಜವು ಒಂದು ಸೂತ್ರ: ಸಾಮಾನ್ಯ ಲೋಹವನ್ನು ಹೊನ್ನಾಗಿಸುವ, ವಿಜ್ಞಾನಿಯೊಬ್ಬನು ಕಂಡುಹಿಡಿದ ಸೂತ್ರ. ಕಳ್ಳರು ಬೆನ್ನಟ್ಟುವುದು ಹೊನ್ನನ್ನಲ್ಲ, ಹೊನ್ನು ಮಾಡುವ ವಿದ್ಯೆಯನ್ನು. ಇದು ನಮ್ಮವರಿಗೆ ಹೊಸ ಮಾತೇನೂ ಅಲ್ಲ. ರಸವಾದವೆಂಬ ಹೆಸರಿನಲ್ಲಿ ಸಿದ್ಧರು ಅರಸಿದುದೂ, ಪರುಷವೆಂಬ ಉಪಮಾನದಿಂದ ವಚನಕಾರರು ಬಾರಿಬಾರಿಗೂ ಸೂಚಿಸಿದುದೂ ಇದೇ ಅದ್ಭುತ. ಆಧುನಿಕ ಭೌತಶಾಸ್ತ್ರವೂ ಇದನ್ನು ಕೇವಲ ಕನಸೆಂದು ತಳ್ಳುವುದಿಲ್ಲ. ೧೯೮೦ರಲ್ಲಿ ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು ಬಿಸ್ಮತ್ ಎಂಬ ಧಾತುವಿನಿಂದ ಅಣುಮಾತ್ರದಷ್ಟು ಚಿನ್ನವನ್ನು ಪಡೆದರು, ತಗಲಿದ ವೆಚ್ಚವು ಆ ಚಿನ್ನದ ಬೆಲೆಯನ್ನು ಎಷ್ಟೋ ಮಡಿ ಮೀರಿತೆಂಬುದು ಬೇರೆ ಮಾತು. ಹೀಗೆ ಪ್ರಾಚೀನ ಆಶೆಯೊಂದನ್ನು ಹೊಸ ಶಾಸ್ತ್ರದ ಉಡುಗೆಯಲ್ಲಿ ನಿಲ್ಲಿಸಿದ ಕಾರಣ, ಈ ಚಿತ್ರವು ಪತ್ತೇದಾರಿ ಕಥೆಯಾಗಿದ್ದೂ ವೈಜ್ಞಾನಿಕ ಕಲ್ಪನಾಕಥೆಯ ಕಕ್ಷೆಯನ್ನು ಪ್ರವೇಶಿಸಿತು. ಕಬ್ಬಿಣವೆಲ್ಲ ಹೊನ್ನಾದ ದಿನ ಹೊನ್ನಿಗೆ ಬೆಲೆಯೆಲ್ಲಿಯದು? ರಾಜ್ಯದ ಬೊಕ್ಕಸಕ್ಕೂ ಬಡವನ ಮಗಳ ತಾಳಿಗೂ ಏನು ಗತಿ? ಈ ಪ್ರಶ್ನೆಗಳನ್ನು ಚಿತ್ರವು ಬಾಯಿಬಿಟ್ಟು ಕೇಳಬೇಕಾಗಿಲ್ಲ. ಬೀಜದಲ್ಲಿಯೇ ಅವು ಧ್ವನಿತವಾಗಿವೆ. ನಾಯಕನು ಕಾಯುವುದು ಒಬ್ಬರ ಸೊತ್ತನ್ನಲ್ಲ, ಲೋಕದ ವ್ಯವಸ್ಥೆಯನ್ನು.

ಈ ಬೀಜವು ಮುಂದೆ ಹೇಗೆ ಸೊರಗಿತೆಂಬುದಕ್ಕೆ ಚಿತ್ರಗಳ ಹೆಸರುಗಳೇ ಮೊದಲ ಸಾಕ್ಷಿ. ‘ಜೇಡರ ಬಲೆ’ ಎಂಬುದು ಅಚ್ಚಗನ್ನಡದ ರೂಪಕ. ಜೇಡನೆಂದರೆ ನೆಯ್ಗೆಯವನು, ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಈ ಅರ್ಥವೇ. ನೂಲನ್ನು ತೆಗೆದು ನೆಯ್ಯುವುದರಿಂದ ಹುಳುವಿಗೂ ಆ ಹೆಸರು ಸಂದಿತು. ಒಂದೇ ಪದದಲ್ಲಿ ಕೌಶಲವೂ ಕ್ರೌರ್ಯವೂ ಹೆಣೆದುಕೊಂಡಿವೆ. ಎರಡನೆಯ ಹೆಸರಿನಲ್ಲಿ ರೂಪಕವು ಹೋಗಿ ಸ್ಥಳನಿರ್ದೇಶವು ಉಳಿಯಿತು. ಆದರೂ ‘ಅಲ್ಲಿ’ ಎಂಬ ಸಪ್ತಮಿಯು ಗೋವೆಯನ್ನು ಕನ್ನಡದ ವಾಕ್ಯದೊಳಕ್ಕೆ ತಂದುಕೊಂಡಿದೆ. ಮೂರನೆಯದರಲ್ಲಿ ಇಂಗ್ಲಿಷಿನ ಎರಡು ಪದಗಳ ಸಮಾಸಕ್ಕೆ ಅದೇ ಸಪ್ತಮಿಯು ಪ್ರಯಾಸದಿಂದ ಅಂಟಿಕೊಂಡಿದೆ. ನಾಲ್ಕನೆಯದರಲ್ಲಿ ವಿಭಕ್ತಿಯೂ ಇಲ್ಲ, ನಾಯಕನ ಸಂಖ್ಯೆಯೂ ಇಲ್ಲ. ಮೂರು ಪದಗಳೂ ಪರಕೀಯ. ಅದರಲ್ಲಿಯೂ ಕಡೆಯ ಪದವನ್ನು ನಮ್ಮ ಲಿಪಿಯಲ್ಲಿ ‘ರಾಕೆಟ್’ ಎಂದು ಓದಿದವನು ಆಕಾಶಕ್ಕೆ ಹಾರುವ ಯಂತ್ರವೊಂದನ್ನು ನಿರೀಕ್ಷಿಸಿದರೆ ಅವನ ತಪ್ಪಲ್ಲ. ಅಲ್ಲಿ ವಿವಕ್ಷಿತವಾದುದು ಕಳ್ಳದಂಧೆ. ವಿಜ್ಞಾನದ ಆಶೆಯನ್ನು ಹುಟ್ಟಿಸಿ ವ್ಯಾಪಾರದ ಮಾತನ್ನಾಡುವ ಈ ಶ್ಲೇಷವು ಬುದ್ಧಿಪೂರ್ವಕವಾದುದಲ್ಲವಾದರೂ, ಚಿತ್ರದ ಸ್ಥಿತಿಗೆ ಅದೇ ತಕ್ಕ ಸಂಕೇತವಾಗಿದೆ.

ಇನ್ನು ನಿರ್ವಹಣದ ವಿಚಾರ. ಮುಖದಲ್ಲಿ ಬಿತ್ತಿದ ಬೀಜವು ಪ್ರತಿಮುಖ, ಗರ್ಭ, ವಿಮರ್ಶಗಳಲ್ಲಿ ಬೆಳೆದು ನಿರ್ವಹಣದಲ್ಲಿ ಫಲವಾಗಬೇಕೆಂಬುದು ಸರ್ವಸಮ್ಮತವಾದ ನಿಯಮ. ಇದಕ್ಕೆ ಭರತಮುನಿಯು ಮತ್ತೊಂದನ್ನು ಸೇರಿಸಿದ್ದಾನೆ: ಕಾವ್ಯದ ಉದ್ದಕ್ಕೂ ಯಾವ ರಸಗಳೇ ಬಂದಿರಲಿ, ನಿರ್ವಹಣದಲ್ಲಿ ಮಾತ್ರ ಅದ್ಭುತವು ಇರಲೇಬೇಕು. ಈ ವಿಧಿಯ ಔಚಿತ್ಯವು ಸೂಕ್ಷ್ಮವಾದುದು. ಕಥೆಯು ಮುಗಿಯುವಾಗ, ನಾವು ಅದುವರೆಗೆ ಕಂಡುದೆಲ್ಲವೂ ಹೊಸ ಬೆಳಕಿನಲ್ಲಿ ಕಾಣಬೇಕು. ಆ ಕಾಣ್ಕೆಯೇ ವಿಸ್ಮಯ. ವಿಸ್ಮಯವನ್ನೇ ಬಂಡವಾಳವಾಗಿ ಇಟ್ಟುಕೊಂಡು ಹೊರಟ ಮಾಲೆಗೆ ಈ ವಿಧಿಯು ಇಮ್ಮಡಿಯಾಗಿ ಅನ್ವಯಿಸುತ್ತದೆ.

‘ಈ ಚಿತ್ರಗಳು ಬಿಡಿಬಿಡಿಯಾದುವು, ಮುಕ್ತಕಗಳಲ್ಲಿ ಸಂಧಿಯನ್ನು ಹುಡುಕುವುದು ವ್ಯರ್ಥ’ ಎಂದು ಆಕ್ಷೇಪಿಸಬಹುದು. ಇದಕ್ಕೆ ಬೇತಾಳ ಪಂಚವಿಂಶತಿಯೇ ಸಮಾಧಾನ. ಅಲ್ಲಿಯ ಕಥೆಗಳೂ ಬಿಡಿಯಾದುವೇ. ಪ್ರತಿಸಲವೂ ಅದೇ ಮರ, ಅದೇ ಹೆಣ, ಅದೇ ಅರಸು. ಉತ್ತರ ಕೊಟ್ಟೊಡನೆ ಬೇತಾಳವು ಮರಳಿ ಮರವನ್ನೇರುವುದು. ಆದರೆ ಕಡೆಯ ಪ್ರಶ್ನೆಗೆ ಅರಸನು ಉತ್ತರಿಸಲಾರದೆ ಮೌನಿಯಾಗುತ್ತಾನೆ. ಅಲ್ಲಿಯವರೆಗೆ ಆಟವನ್ನು ನಡಸಿದ ಕಟ್ಟಳೆಯು ಆ ಮೌನದಿಂದ ಮುರಿಯುತ್ತದೆ. ಬೇತಾಳವು ಕಪಟಭಿಕ್ಷುವಿನ ಹಂಚಿಕೆಯನ್ನು ತಿಳಿಸುತ್ತದೆ. ಹಿಂದಿನ ಕಥೆಗಳೆಲ್ಲ ಅರಸನ ಪರೀಕ್ಷೆಯಾಗಿದ್ದುವೆಂಬುದು ಆಗ ನಮಗೆ ಹೊಳೆಯುತ್ತದೆ. ಬಿಡಿ ಕಥೆಗಳ ಸರಕ್ಕೂ ನಿರ್ವಹಣವುಂಟೆಂದು ಇದರಿಂದ ಸಿದ್ಧವಾಯಿತು.

‘ಆಪರೇಷನ್ ಡೈಮಂಡ್ ರಾಕೆಟ್’ ಇಂತಹ ಯಾವ ಮುರಿವನ್ನೂ ಸಾಧಿಸುವುದಿಲ್ಲ. ವಿದ್ಯೆಯಿದ್ದ ಎಡೆಯಲ್ಲಿ ಇಲ್ಲಿ ವಜ್ರವಿದೆ. ವಜ್ರವು ಕಥಾವಸ್ತುವಾಗಬಾರದೆಂದು ನಾವು ಹೇಳುವುದಿಲ್ಲ. ೧೯೭೧ರ ಬಾಂಡ್ ಚಿತ್ರವಾದ ‘ಡೈಮಂಡ್ಸ್ ಆರ್ ಫಾರೆವರ್’ನಲ್ಲಿಯೂ ವಜ್ರಗಳ ಕಳ್ಳಸಾಗಣೆಯೇ ಆರಂಭ, ಆದರೆ ಆ ಹರಳುಗಳೆಲ್ಲವೂ ಭೂಮಿಯನ್ನು ಸುತ್ತುವ ಉಪಗ್ರಹವೊಂದರ ಸುಡುಕಿರಣಕ್ಕೆ ಸಾಧನವಾಗುತ್ತವೆ. ಅಲ್ಲಿ ಕಲ್ಲು ಅದ್ಭುತಕ್ಕೆ ಮೆಟ್ಟಿಲು. ನಮ್ಮಲ್ಲಿ ಹೆಸರೇ ಸಾರುವಂತೆ ದಂಧೆಯನ್ನು ಮುರಿಯುವುದೇ ಕಾರ್ಯ. ವಜ್ರಕ್ಕೆ ಬೆಲೆಯುಂಟು, ರಹಸ್ಯವಿಲ್ಲ. ಅದು ಕಳುವಾದರೆ ಒಡೆಯನಿಗೆ ನಷ್ಟವೇ ಹೊರತು ಲೋಕಕ್ಕೆ ಭಂಗವಿಲ್ಲ. ಕಾರ್ಯವು ಹೀಗೆ ಕುಗ್ಗಿದೊಡನೆ ನಾಯಕನೂ ಕುಗ್ಗಿ ಬರಿಯ ಆರಕ್ಷಕನಾಗುತ್ತಾನೆ.

ಕುಗ್ಗಿದ ಕಾರ್ಯವನ್ನು ಮುಚ್ಚುವುದಕ್ಕೆ ಅಲಂಕಾರಗಳು ಬಂದುವು. ‘ಜೇಡರ ಬಲೆ’ಯು ಕಪ್ಪುಬಿಳುಪಿನ ಚಿತ್ರ. ಕನ್ನಡದಲ್ಲಿ ಪೂರ್ಣವರ್ಣದ ಚಿತ್ರವು ೧೯೬೪ರ ‘ಅಮರಶಿಲ್ಪಿ ಜಕಣಾಚಾರಿ’ಯಿಂದಲೇ ಬಂದಿದ್ದರೂ, ನೆರಳಿನ ವ್ಯವಹಾರಕ್ಕೆ ನೆರಳೇ ಸಾಕಾಗಿತ್ತು. ಕಡೆಯ ಚಿತ್ರಕ್ಕೆ ವರ್ಣವೂ ಬಂದಿತು, ನೇಪಾಳದ ಕಠಮಂಡುವಿನ ಬೀದಿಗಳೂ ಬಂದುವು. ೧೯೭೪ರ ‘ಸಂಪತ್ತಿಗೆ ಸವಾಲ್’ನಿಂದ ಗಾಯಕರೆಂದೂ ಪ್ರಸಿದ್ಧರಾಗಿದ್ದ ರಾಜಕುಮಾರರು ಸ್ವತಃ ಹಾಡಿದ ಇಂಗ್ಲಿಷ್ ಗೀತವೊಂದೂ ಬಂದಿತು. ಜಿ. ಕೆ. ವೆಂಕಟೇಶರ ಸಂಗೀತದ ಆ ಗೀತವನ್ನು ಇಂದಿನ ತರುಣರೂ ಉತ್ಸಾಹದಿಂದ ಹಾಡಿಕೊಳ್ಳುವುದನ್ನು ನಾವು ಅಲ್ಲಗಳೆಯುವುದಿಲ್ಲ. ಅದರ ಲವಲವಿಕೆಯು ನಿಜವಾದುದು. ಆದರೆ ಅದು ನೆನಪಿನಲ್ಲಿ ಉಳಿದು ಕಥೆಯು ಮರೆತುಹೋದುದೇ ನಮ್ಮ ವಾದಕ್ಕೆ ಬಲವಾದ ಪ್ರಮಾಣ. ಅಲಂಕಾರವು ಅಲಂಕಾರ್ಯವನ್ನು ಬಿಟ್ಟು ಬದುಕುವುದಾದರೆ, ಅವೆರಡಕ್ಕೂ ಸಂಬಂಧವು ಮೊದಲೇ ಸಡಿಲವಾಗಿದ್ದಿತೆಂದು ತಿಳಿಯಬೇಕು.

ನಾಲ್ಕು ಬಿಡಿ ಅಂಗಗಳು ಒಂದು ಕೃತಿಯಾಗುವುದು ಹೇಗೆಂಬುದನ್ನು ಹಾಸನ ಸೀಮೆಯವರು ಕಲ್ಲಿನಲ್ಲಿಯೇ ಕಾಣಬಹುದು. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ಗುಡಿಯು ಚತುಷ್ಕೂಟ. ವಿಷ್ಣುವರ್ಧನನ ಕಾಲದಲ್ಲಿ, ಕ್ರಿ. ಶ. ೧೧೧೪ರ ಸುಮಾರಿನಲ್ಲಿ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಕಟ್ಟಿಸಿದುದು. ಅಲ್ಲಿ ಮೂರು ಗರ್ಭಗೃಹಗಳು ಒಂದೇ ನವರಂಗವನ್ನು ಸುತ್ತುವರಿದಿವೆ. ನಾಲ್ಕನೆಯದು ದೂರ ನಿಂತಿದೆ. ಆದರೆ ಶಿಲ್ಪಿಯು ನಡುವೆ ನೀಳವಾದ ಮಂಟಪವನ್ನು ಚಾಚಿ, ಎರಡು ಪಕ್ಕಗಳಲ್ಲಿಯೂ ಬಾಗಿಲನ್ನಿಟ್ಟು, ದೂರವನ್ನೇ ಸಂಬಂಧವನ್ನಾಗಿ ಮಾಡಿದ್ದಾನೆ. ಮೂರು ಶಿಖರಗಳು ಅಲಂಕಾರವಿಲ್ಲದ ಮೆಟ್ಟಿಲುಮೆಟ್ಟಿಲಾದ ಕದಂಬ ಶೈಲಿಯವು. ಸಮೃದ್ಧವಾದ ಕೆತ್ತನೆಯಿರುವುದು ಪ್ರಧಾನ ಗುಡಿಯ ಶಿಖರಕ್ಕೆ ಮಾತ್ರ. ದೇವತೆಯೆಲ್ಲಿಯೋ ಅಲಂಕಾರವಲ್ಲಿ.

ನಮ್ಮ ಮಾಲೆಯಲ್ಲಿಯೂ ಮೂರು ಒಟ್ಟಿಗಿವೆ, ನಾಲ್ಕನೆಯದು ದೂರದಲ್ಲಿದೆ. ನಡುವಣ ಮಂಟಪವು ಮಾತ್ರ ಇಲ್ಲ. ಆ ಒಂಬತ್ತು ವರ್ಷಗಳಲ್ಲಿ ನಡೆದುದೇನು ಸಾಮಾನ್ಯವೆ? ನಿರ್ದೇಶಕರು ‘ಕಸ್ತೂರಿ ನಿವಾಸ’ (೧೯೭೧), ‘ಎರಡು ಕನಸು’ (೧೯೭೪), ‘ಬಯಲುದಾರಿ’ (೧೯೭೬) ಮುಂತಾದ ಚಿತ್ರಗಳಲ್ಲಿ ಗೃಹಜೀವನದ ಕರುಣವನ್ನು ಕರಗತಮಾಡಿಕೊಂಡಿದ್ದರು. ವಾಣಿ, ಭಾರತೀಸುತರ ಕಾದಂಬರಿಗಳಿಂದ ಕಥೆಯನ್ನು ಪಡೆಯುವ ಒಳ್ಳೆಯ ಪದ್ಧತಿಯನ್ನು ಹಿಡಿದಿದ್ದರು. ನಾಯಕರೋ ‘ಬಂಗಾರದ ಮನುಷ್ಯ’ದಿಂದ (೧೯೭೨) ನಾಡಿನ ಶೀಲಕ್ಕೆ ಪ್ರತಿನಿಧಿಯಾಗಿದ್ದರು. ೧೯೬೮ರಲ್ಲಿ ಹೊನ್ನಿನ ಸೂತ್ರವನ್ನು ಕಾಯ್ದವರು ನಾಲ್ಕು ವರ್ಷಗಳಲ್ಲಿ ತಾವೇ ಹೊನ್ನಾಗಿದ್ದರು. ಆಗ ನಲವತ್ತೆಂಟರ ಪ್ರಾಯದ ಆ ಮಹಾನಟರು ಮರಳಿ ೯೯೯ರ ವೇಷವನ್ನು ತೊಟ್ಟಾಗ, ಪರಿಣತನಾದ, ತನ್ನ ವೃತ್ತಿಯ ಬೆಲೆಯೇನೆಂದು ತನ್ನನ್ನೇ ಕೇಳಿಕೊಳ್ಳುವ ಗೂಢಚಾರನೊಬ್ಬನು ಕನ್ನಡಕ್ಕೆ ದೊರೆಯಬಹುದಾಗಿತ್ತು. ಆ ಪ್ರಶ್ನೆಯೇ ಬೇತಾಳದ ಕಡೆಯ ಪ್ರಶ್ನೆಯಂತೆ ಹಿಂದಿನ ಮೂರನ್ನೂ ಬೆಳಗಬಹುದಾಗಿತ್ತು. ಕಾಲವೇ ಸಂದಿಲ್ಲವೆಂಬಂತೆ ಅದೇ ಆಟವನ್ನು ಮುಂದುವರಿಸಿದುದರಿಂದ ಈ ಅವಕಾಶವು ಕೈತಪ್ಪಿತು. ನಮಗೆ ವ್ಯಥೆಯಾಗುವುದು ಇದಕ್ಕಾಗಿಯೇ. ಅಸಮರ್ಥರು ಕೆಡಿಸಿದ್ದರೆ ಮಾತನಾಡಬೇಕಾಗಿರಲಿಲ್ಲ.

‘ಅನುಕರಣವೇ ಮೂಲವಾದ ಮಾಲೆಯಿಂದ ಇಷ್ಟನ್ನು ಬಯಸುವುದೇಕೆ?’ ಎಂಬ ಇನ್ನೊಂದು ಪೂರ್ವಪಕ್ಷವಿದೆ. ಅನುಕರಣವು ದೋಷವಲ್ಲ. ಮೇಲೆ ಹೇಳಿದ ದೊಡ್ಡಗದ್ದವಳ್ಳಿಯನ್ನು ಶಾಸನವು ಅಭಿನವ ಕೊಲ್ಲಾಪುರವೆಂದು ಕರೆಯುತ್ತದೆ. ದೂರದ ಕೊಲ್ಲಾಪುರದ ಮಹಾಲಕ್ಷ್ಮಿಯನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಗುಡಿಯು ತನ್ನದೇ ಆದ ನಾಲ್ಕು ಶಿಖರಗಳಿಂದ ಸ್ವತಂತ್ರವಾಗಿ ನಿಂತಿತು. ‘ಜೇಡರ ಬಲೆ’ಯೂ ಬಾಂಡನ ಅನುಕರಣದಿಂದ ಹೊರಟು, ರಸವಾದದ ಬೀಜದಿಂದಲೂ ಕನ್ನಡದ ರೂಪಕದಿಂದಲೂ ನಮ್ಮದಾಯಿತು. ಮೊದಲನೆಯದು ಹಾಗೆ ನಮ್ಮದಾಗಿರುವಾಗ, ಕಡೆಯದು ಮರಳಿ ಪರರದಾಯಿತೆಂಬುದೇ ಆಕ್ಷೇಪ.

ಫಲಿತಾರ್ಥವಿಷ್ಟು. ಈ ಮಾಲೆಯ ಮುಖಸಂಧಿಯು ಸಮರ್ಥ, ನಿರ್ವಹಣವು ಶೂನ್ಯ. ಕಾರಣವು ವರ್ಣವೂ ಅಲ್ಲ, ವಿದೇಶವೂ ಅಲ್ಲ, ಹಾಡೂ ಅಲ್ಲ, ಬೀಜದ ವಿಸ್ಮೃತಿ. ವೈಜ್ಞಾನಿಕ ಕಲ್ಪನೆಯನ್ನು ಕನ್ನಡದ ತೆರೆಯ ಮೇಲೆ ಮುಂದೆ ಬೆಳಸಬಯಸುವವರು ‘ಡೈಮಂಡ್ ರಾಕೆಟ್’ನ ಬೆಡಗನ್ನು ಬಿಟ್ಟು ‘ಜೇಡರ ಬಲೆ’ಯ ಸೂತ್ರದಿಂದ ಎಳೆಯನ್ನು ಎತ್ತಿಕೊಳ್ಳುವುದು ಮೇಲು. ಕಾಲೇಜುಗಳಲ್ಲಿ ಸಂಧಿಪಂಚಕವನ್ನು ಪಾಠಹೇಳುವ ಅಧ್ಯಾಪಕರೂ ಸಂಸ್ಕೃತ ನಾಟಕಗಳ ಜೊತೆಗೆ ಈ ನಾಲ್ಕು ಚಿತ್ರಗಳನ್ನು ಉದಾಹರಣ ಪ್ರತ್ಯುದಾಹರಣಗಳಾಗಿ ಎತ್ತಿಕೊಂಡರೆ, ಶಾಸ್ತ್ರವು ವಿದ್ಯಾರ್ಥಿಗಳಿಗೆ ಹತ್ತಿರವಾದೀತು, ಚಿತ್ರಗಳಿಗೂ ಸಲ್ಲಬೇಕಾದ ಗೌರವವು ಸಂದೀತು.